ಅದೇ ಮಾತು, ಬೇರೆ ಊರು

'ಲೋಕೋ ಭಿನ್ನರುಚಿಃ' ಎಂದು ಹಿರಿಯರು ಹೇಳಿ ಸುಮ್ಮನಾದರು. ಆದರೆ ೧೧ ಜನ ವಿದ್ಯಾರ್ಥಿಗಳು ಕುಳಿತ ಕೊಠಡಿಯಲ್ಲಿ ಒಬ್ಬ ಗಾಯಕನ ಹಾಡುಗಳನ್ನು ಹಾಕಿ "ಹೇಗಿದೆ?" ಎಂದು ಕೇಳಿದರೆ ೧೨ ಅಭಿಪ್ರಾಯಗಳು ಹೊರಡುವುದೂ ಉಂಟೆಂದು ಅವರು ಹೇಳಲಿಲ್ಲ. ಹನ್ನೆರಡನೆಯದು ಯಾರದೆಂದು ವಾಚಕರು ಕೇಳಬಹುದು. ಅದು ನನ್ನದೇ. ಒಂದು ಅಭಿಪ್ರಾಯವನ್ನು ತರಗತಿಯಲ್ಲಿ ಎದ್ದು ನಿಂತು ಹೇಳಿದೆ. ಇನ್ನೊಂದು ಮೂರು ವಾರ ಕಳೆದ ಮೇಲೆ ನಮ್ಮೂರಿನ ಮನೆಯ ಜಗಲಿಯ ಮೇಲೆ ಹುಟ್ಟಿತು. ಎರಡಕ್ಕೂ ನಡುವೆ ನಡೆದುದನ್ನು ಇಲ್ಲಿ ನಿವೇದಿಸುತ್ತೇನೆ.

ಆಗಸ್ಟ್ ತಿಂಗಳ ಒಂದು ದಿನ ನಮ್ಮ ಐಚ್ಛಿಕ ಇಂಗ್ಲಿಷಿನ ಅಧ್ಯಾಪಕರು ಪಾಠ ಮುಗಿಸಿ, "ಕವಿತೆಗಳ ಮೇಲೆ ನೀವು ಬರೆಯುವ ಅಭಿಪ್ರಾಯಗಳನ್ನೆಲ್ಲ ನಾನು ಗೈಡುಗಳಲ್ಲಿ ಮೊದಲೇ ಓದಿರುತ್ತೇನೆ. ಈ ಸಲ ಗೈಡಿಲ್ಲದ ಒಂದು ವಸ್ತುವನ್ನು ಕೊಡುತ್ತೇನೆ. ಎರಡು ಸಂಜೆ ಕೇಳಿ. ಮೂರನೆಯ ದಿನ ನಿಮ್ಮ ಸ್ವಂತ ಮಾತಿನಲ್ಲಿ ಹೇಳಿ" ಎಂದರು. ಅವರು ತಂದದ್ದು ಒಂದು ಸಣ್ಣ ಸ್ಪೀಕರು. ಅದರಲ್ಲಿ ಕೇಳಿಸಿದ್ದು ಲೆನಾರ್ಡ್ ಕೋಹೆನ್ ಎಂಬ ಹಿರಿಯ ಗಾಯಕರ 'ಲೈವ್ ಇನ್ ಲಂಡನ್' ಎಂಬ ಆಲ್ಬಮ್. ಸುಮಾರು ಎರಡೂವರೆ ಗಂಟೆಯ ಸಂಗೀತ. ಕೊಠಡಿಯ ಫ್ಯಾನು ತನ್ನ ತಾಳವನ್ನು ತಾನು ಹಾಕುತ್ತಿತ್ತು. ಮೊದಲ ಸಂಜೆ ನಮ್ಮಲ್ಲಿ ಇಬ್ಬರು ನಿದ್ರೆ ಮಾಡಿದರು. ಅವರೂ ಮೂರನೆಯ ದಿನ ಅಭಿಪ್ರಾಯ ಹೇಳಿದರೆಂಬುದನ್ನು ಮರೆಯದೆ ದಾಖಲಿಸಬೇಕು.

ಆ ಹೆಸರನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ನನ್ನಂಥ ವಾಚಕರಿಗಾಗಿ ನಾಲ್ಕು ಮಾತು ಹೇಳಿ ಮುಂದೆ ಹೋಗುವೆ. ಕೋಹೆನ್ನರು ೧೯೩೪ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಹುಟ್ಟಿದರು. ಮೊದಲು ಕವಿ, ಆಮೇಲೆ ಗಾಯಕ. ಮೊದಲ ಕವನ ಸಂಕಲನ ಬಂದದ್ದು ೧೯೫೬ರಲ್ಲಿ. ಮೊದಲ ಆಲ್ಬಮ್ ೧೯೬೭ರ ಕೊನೆಯಲ್ಲಿ, ೩೩ನೆಯ ವಯಸ್ಸಿಗೆ. ರಾಕ್ ಗಾಯಕರೆಂದರೆ ಗಿಟಾರನ್ನು ಚಚ್ಚುತ್ತ ಕೂಗುವವರೆಂದು ತಿಳಿದಿದ್ದ ನಮಗೆ, ಸೂಟು ಹಾಕಿ, ಟೋಪಿ ಇಟ್ಟು, ಜಮೀನ್ದಾರರ ಮನೆಯ ಹಳೆಯ ಗುಮಾಸ್ತರಂತೆ ನಿಂತು ಹಾಡುವ ಈ ಮುದುಕರು ಆ ಪಂಗಡಕ್ಕೆ ಹೇಗೆ ಸೇರಿದರೆಂಬುದೇ ಸೋಜಿಗ. ಆದರೆ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ೨೦೦೮ರ ಮಾರ್ಚಿನಲ್ಲಿ ಅವರನ್ನು ತನ್ನ ಗಣ್ಯರ ಸಾಲಿಗೆ ಸೇರಿಸಿಕೊಂಡಿದೆ. ಪಟ್ಟ ಕಟ್ಟಿದ ಮೇಲೆ ನಾವು ಕೇಳುವುದೇನಿದೆ!

೧೯೯೩ರಲ್ಲಿ ಒಂದು ಸುತ್ತು ಕಚೇರಿಗಳನ್ನು ಮುಗಿಸಿ ಅವರು ವೇದಿಕೆ ಬಿಟ್ಟರು. ಲಾಸ್ ಏಂಜಲೀಸಿನ ಬಳಿಯ ಬೆಟ್ಟದ ಮೇಲಿನ ಒಂದು ಜೆನ್ ಮಠದಲ್ಲಿ ವಾಸವಾಗಿದ್ದು ೧೯೯೬ರಲ್ಲಿ ಭಿಕ್ಷುವಾದರು. ಆ ಬೆಟ್ಟ ಇಳಿದ ಮೇಲೆ ಮುಂಬಯಿಗೆ ಬಂದು, ಬ್ಯಾಂಕಿನ ದೊಡ್ಡ ಹುದ್ದೆಯಿಂದ ನಿವೃತ್ತರಾಗಿ ವೇದಾಂತ ಹೇಳುತ್ತಿದ್ದ ರಮೇಶ್ ಬಾಲ್ಸೇಕರ್ ಅವರ ಮಾತುಗಳನ್ನು ಕೇಳಿದರು. ಇತ್ತ ಅವರ ಹಣದ ವ್ಯವಹಾರವನ್ನು ನೋಡಿಕೊಳ್ಳಬೇಕಾಗಿದ್ದ ವ್ಯವಸ್ಥಾಪಕಿಯ ಕೈಯಲ್ಲಿ ಅವರ ಇಡುಗಂಟು ಕರಗಿತ್ತು. ೨೦೦೫ರಲ್ಲಿ ದಾವೆ ಹೂಡಿದರು. ೨೦೦೬ರಲ್ಲಿ ಸುಮಾರು ೯೦ ಲಕ್ಷ ಡಾಲರು ಕೊಡಬೇಕೆಂದು ನ್ಯಾಯಾಲಯ ತೀರ್ಪಿತ್ತಿತು. ತೀರ್ಪು ಬಂತು, ಹಣ ಬರಲಿಲ್ಲ. ಹೀಗಾಗಿ ೭೩ನೆಯ ವಯಸ್ಸಿನಲ್ಲಿ, ೨೦೦೮ರ ಮೇ ತಿಂಗಳಲ್ಲಿ, ಕೆನಡಾದ ಫ್ರೆಡರಿಕ್ಟನ್ ಎಂಬ ಸಣ್ಣ ಊರಿನಿಂದ ಮತ್ತೆ ಸಂಚಾರ ಹೊರಟರು. ಅದೇ ಜುಲೈ ೧೭ರಂದು ಲಂಡನ್ನಿನಲ್ಲಿ, ೨೦,೦೦೦ ಜನ ಹಿಡಿಸುವ ಓ-ಟೂ ಅರೀನಾದಲ್ಲಿ ನಡೆದ ಕಚೇರಿಯೇ ಈ ಆಲ್ಬಮ್. ೨೦೦೯ರಲ್ಲಿ ಇದು ಹೊರಬಂತು.

ಮೂರನೆಯ ದಿನ ನಮ್ಮ ತರಗತಿ ಒಂದು ನ್ಯಾಯಸಭೆಯಾಯಿತು.

ಮೊದಲು ಎದ್ದವನು, "ಸಾರ್, ಇದು ಕಂಠವಲ್ಲ, ಒರಳುಕಲ್ಲು ತಿರುಗುವ ಸದ್ದು" ಎಂದ. ಎಲ್ಲರೂ ನಕ್ಕೆವು. ಅವನ ಪಕ್ಕದವಳು ಒಪ್ಪಲಿಲ್ಲ. "ನನಗೆ ಇಂಗ್ಲಿಷ್ ಹಾಡು ಎಂದರೆ ಭಯ, ಒಂದು ಪದವೂ ತಿಳಿಯುವುದಿಲ್ಲ. ಇವರು ಒಂದೊಂದು ಪದವನ್ನೂ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಹೇಳುತ್ತಾರೆ. ನನಗೆ ಅರ್ಥವಾದ ಮೊದಲ ಇಂಗ್ಲಿಷ್ ಹಾಡುಗಾರರು ಇವರೇ" ಎಂದಳು. ಹಳ್ಳಿಯ ಕನ್ನಡ ಶಾಲೆಗಳಿಂದ ಬಂದ ನಾವು ಏಳೆಂಟು ಜನ ತಲೆ ಆಡಿಸಿದೆವು. ಇನ್ನೊಬ್ಬನಿಗೆ ಸ್ಯಾಕ್ಸೊಫೋನು ಹಿಡಿಸಲಿಲ್ಲ. ಕಲ್ಯಾಣ ಮಂಟಪದಲ್ಲಿ ಊಟಕ್ಕೆ ಕುಳಿತಂತಾಯಿತು ಎಂದ. ಮತ್ತೊಬ್ಬಳಿಗೆ ಹಾವಿಯೆರ್ ಮಾಸ್ ಎಂಬ ಸ್ಪೇನಿನ ವಾದಕರ ತಂತಿವಾದ್ಯವೇ ಇಡೀ ಕಚೇರಿಯ ಜೀವ. ಒಬ್ಬಳು ಚಪ್ಪಾಳೆಯನ್ನು ದೂಷಿಸಿದಳು: "ಹಾಡು ಮನಸ್ಸಿಗೆ ಇಳಿಯುವ ಹೊತ್ತಿಗೆ ಜನ ಕೂಗುತ್ತಾರೆ." ಮತ್ತೊಬ್ಬ ಚಪ್ಪಾಳೆಯ ಪರ ವಹಿಸಿದ: "ಟವರ್ ಆಫ್ ಸಾಂಗ್ ಹಾಡಿನಲ್ಲಿ ತಮ್ಮ ಕಂಠವನ್ನು ತಾವೇ ಹಾಸ್ಯ ಮಾಡುವ ಸಾಲು ಬಂದಾಗ ಆ ಸಭೆ ಹೇಗೆ ಹೋ ಎಂದಿತು! ಅದನ್ನು ತೆಗೆದರೆ ಉಳಿಯುವುದೇನು?" ಮನೆಯಲ್ಲಿ ಸ್ವಲ್ಪ ಅಭ್ಯಾಸ ಮಾಡಿಕೊಂಡು ಬಂದಿದ್ದ ಒಬ್ಬ, ೧೯೭೩ರ 'ಲೈವ್ ಸಾಂಗ್ಸ್' ಆಲ್ಬಮ್ಮನ್ನೂ ಕೇಳಿ ನೋಡಿದ್ದ. ಅಲ್ಲಿಯ ಕಂಠ ತರುಣ, ನಡುಗುತ್ತದೆ, ಆದರೆ ನಿಜವಾಗಿದೆ. ಇಲ್ಲಿ ಎಲ್ಲವೂ ಇಸ್ತ್ರಿ ಮಾಡಿಟ್ಟಂತಿದೆ ಎಂಬುದು ಅವನ ತೀರ್ಮಾನ. ಇವೆಲ್ಲ ನಮ್ಮ ತರಗತಿಯಲ್ಲೇ ಹುಟ್ಟಿದ ಜಗಳಗಳೆಂದು ನಾನು ಹೆಮ್ಮೆಪಟ್ಟಿದ್ದೆ. ಆ ಆಲ್ಬಮ್ ಬಂದಂದಿನಿಂದ ಕೇಳುಗರು ಇದನ್ನೇ ಜಗಳವಾಡುತ್ತಿದ್ದಾರೆಂದು ಅಧ್ಯಾಪಕರು ನಗುತ್ತ ಹೇಳಿದರು.

ಹಿಂದಿನ ಬೆಂಚಿನಿಂದ ಒಬ್ಬ, "ಸಾರ್, ಇದೆಲ್ಲ ಏಕೆ? ಹಣ ಹೋಯಿತು, ಹಣಕ್ಕಾಗಿ ಹಾಡಿದರು. ಅಷ್ಟೇ" ಎಂದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆಗ ನಾನು ಎದ್ದೆ. ಕೆಲವೇ ಹಾಡುಗಳಾದ ಮೇಲೆ ಕೋಹೆನ್ನರು ಸಭೆಯೊಡನೆ ಮಾತಿಗಿಳಿಯುತ್ತಾರೆ. ತಾವು ಅಲ್ಲಿ ನಿಂತು ಹದಿನಾಲ್ಕು ಹದಿನೈದು ವರ್ಷವಾಯಿತೆಂದೂ, ಆಗ ತಮಗೆ ಬರಿಯ ಅರವತ್ತು, ಹುಚ್ಚು ಕನಸಿನ ಹುಡುಗನಾಗಿದ್ದೆನೆಂದೂ ಹೇಳುತ್ತಾರೆ. ಆಮೇಲೆ ತಾವು ನುಂಗಿದ ಮಾತ್ರೆಗಳ ಹೆಸರುಗಳನ್ನು ಸಹಸ್ರನಾಮದಂತೆ ಪಠಿಸಿ, ಮತಧರ್ಮಗಳನ್ನೂ ದರ್ಶನಗಳನ್ನೂ ಆಳವಾಗಿ ಅಭ್ಯಾಸ ಮಾಡಿದರೂ ಹಾಳು ಉಲ್ಲಾಸ ಬಿಡದೆ ಒಳಗೆ ನುಗ್ಗಿತೆನ್ನುತ್ತಾರೆ. ಸಭೆ ನಗುತ್ತದೆ. ನಾವೂ ನಕ್ಕಿದ್ದೆವು. ಆದರೆ ನಾನು ರಾತ್ರಿ ಹಾಸ್ಟೆಲಿನಲ್ಲಿ ಮೊಬೈಲಿನಲ್ಲಿ ಅದೇ ಸಂಚಾರದ ಬೇರೆ ಊರುಗಳ ಕಚೇರಿಗಳ ತುಣುಕುಗಳನ್ನು ಹುಡುಕಿ ಕೇಳಿದ್ದೆ. ಅಲ್ಲಿಯೂ ಅದೇ ಅರವತ್ತು, ಅದೇ ಹುಡುಗ, ಅದೇ ಮಾತ್ರೆಗಳು. ಊರಿನ ಹೆಸರು ಮಾತ್ರ ಬೇರೆ.

"ಇದು ಮೋಸ ಸಾರ್," ಎಂದೆ. "ಆ ಕ್ಷಣ ತೋಚಿದ್ದೆಂಬಂತೆ ಹೇಳುತ್ತಾರೆ. ಆದರೆ ಪ್ರತಿ ಊರಿನಲ್ಲೂ ಅದೇ ಪಾಠ. ನಗುವವರು ಪಾಪ, ತಮಗಾಗಿಯೇ ಹೇಳಿದರೆಂದು ನಗುತ್ತಾರೆ. ಮಾತಿನಲ್ಲೇ ಪ್ರಾಮಾಣಿಕತೆ ಇಲ್ಲದವರ ಹಾಡನ್ನು ಹೇಗೆ ನಂಬುವುದು?" ನನ್ನ ಧ್ವನಿ ನಡುಗುತ್ತಿತ್ತೆಂದು ಗೆಳತಿ ಆಮೇಲೆ ಹೇಳಿದಳು. ಅಧ್ಯಾಪಕರು ಕನ್ನಡಕ ತೆಗೆದು, "ಒಳ್ಳೆಯ ಅಂಶ. ಆದರೆ ಇಷ್ಟು ಕೋಪವೇಕಮ್ಮ?" ಎಂದರು. ನಾನು ಉತ್ತರ ಕೊಡದೆ ಕುಳಿತೆ. ಉತ್ತರ ನನಗೆ ಗೊತ್ತಿತ್ತು.

ನಮ್ಮ ತಂದೆಯವರು ಬಳೆಗಾರರು. ನಾನು ಚಿಕ್ಕವಳಿದ್ದಾಗ ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಸುತ್ತಲ ಹತ್ತು ಹಳ್ಳಿ ತಿರುಗುತ್ತಿದ್ದರು. ಕೈ ಹಿಡಿದೊಡನೆ ಅಳತೆ ಎರಡು ನಾಲ್ಕೋ ಎರಡು ಆರೋ ಹೇಳಿಬಿಡುವರು. ಬಳೆ ತೊಡಿಸುವಾಗ ಕಷ್ಟವಿರುವುದು ಒಂದೇ ಕಡೆ, ಹೆಬ್ಬೆರಳ ಬುಡದ ಗೆಣ್ಣಿನಲ್ಲಿ. ಬಳೆ ಅಲ್ಲಿಗೆ ಬಂದೊಡನೆ ಅಪ್ಪ ತಟ್ಟನೆ ತಲೆಯೆತ್ತಿ, "ಅಯ್ಯೋ, ಅಲ್ನೋಡವ್ವ, ನಿಮ್ಮೆಮ್ಮೆ ಹಗ್ಗ ಬಿಚ್ಕೊಂಡು ಹೊಂಟೈತೆ!" ಎನ್ನುವರು. ಹುಡುಗಿ ತಿರುಗಿ ನೋಡುವಳು. ತಿರುಗಿ ಬರುವಷ್ಟರಲ್ಲಿ ಬಳೆ ಮುಂಗೈಯಲ್ಲಿ. ಎಮ್ಮೆ ಇದ್ದ ಮನೆಯಲ್ಲೂ ಅದೇ ಎಮ್ಮೆ, ಇಲ್ಲದ ಮನೆಯಲ್ಲೂ ಅದೇ ಎಮ್ಮೆ.

ನನಗೆ ಎಂಟು ವರ್ಷವಿದ್ದಾಗ ಒಂದು ಬೇಸಿಗೆಯಲ್ಲಿ ಅವರ ಜೊತೆ ಹೋದೆ. ಮೂರು ಮನೆಯಲ್ಲಿ ಎಮ್ಮೆ ಹಗ್ಗ ಬಿಚ್ಚಿಕೊಂಡು ಹೋಯಿತು. ನಾಲ್ಕನೆಯ ಮನೆಯಲ್ಲಿ ಮದುವಣಗಿತ್ತಿಗೆ ಬಳೆ. ಅಪ್ಪ ಬಾಯಿ ತೆರೆಯುವ ಮೊದಲೇ ನಾನು, "ಈಗ ಎಮ್ಮೆ ಹೋಯ್ತು ಅಂತಾನೆ ನೋಡಿ! ಎಲ್ಲಾ ಮನೇಲೂ ಹಂಗೇ ಅಂತಾನೆ!" ಎಂದು ಕೂಗಿದೆ. ಹೆಂಗಸರು ನನ್ನ ಜಾಣತನಕ್ಕೆ ನಕ್ಕರು. ಅಪ್ಪ ಏನೂ ಅನ್ನಲಿಲ್ಲ. ಹುಡುಗಿ ತನ್ನ ಕೈಯನ್ನೇ ನೋಡುತ್ತ ಕುಳಿತಳು. ಗೆಣ್ಣಿನ ಹತ್ತಿರ ಬಳೆ ಚಟ್ಟೆಂದಿತು. ಒಂದು ಹನಿ ರಕ್ತ ಬಂತು. ಮದುವೆ ಮನೆ; ಯಾರೂ ಹೆಚ್ಚು ಮಾತಾಡಲಿಲ್ಲ. ಹಿಂದಿರುಗುವ ದಾರಿಯಲ್ಲಿ ಅಪ್ಪನೂ ಮಾತಾಡಲಿಲ್ಲ. ಮತ್ತೆ ನಾನು ಅವರ ಜೊತೆ ಹೋಗಲಿಲ್ಲ. ನನಗೆ ನೆನಪುಳಿದದ್ದು ಬಳೆ ಒಡೆದದ್ದಲ್ಲ. ನಮ್ಮಪ್ಪ ಹೇಳಿದ್ದನ್ನೇ ಹೇಳಿಕೊಂಡು ತಿರುಗುವವರು ಎಂಬ ನಾಚಿಕೆ. ಕಾಲೇಜು ಸೇರಿದ ಮೇಲೆ, ತಂದೆಯವರು ಏನು ಮಾಡುತ್ತಾರೆಂದು ಯಾರಾದರೂ ಕೇಳಿದರೆ "ವ್ಯಾಪಾರ" ಎಂದಷ್ಟೇ ಹೇಳುತ್ತಿದ್ದೆ.

ಮೊಣಕಾಲು ನೋವೆಂದು ಅವರು ನಡುವೆ ತಿರುಗುವುದನ್ನು ಬಿಟ್ಟು ಮನೆಯ ಮುಂದೆಯೇ ಸಣ್ಣ ಅಂಗಡಿ ಇಟ್ಟುಕೊಂಡಿದ್ದರು. ನಮ್ಮ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವಳು ನಾನೇ ಮೊದಲು. ನಾನು ಬಿ.ಎ.ಗೆ ಸೇರಿದ ವರ್ಷ ಅಂಗಡಿಯ ಆದಾಯ ಸಾಲದೆ, ಹಳೆಯ ಮೊಪೆಡ್ಡಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮತ್ತೆ ಹೊರಟರು. ಆಗ ಅವರಿಗೆ ಅರವತ್ತಕ್ಕೆ ಐದು ಕಡಿಮೆ. ಇದೆಲ್ಲ ತರಗತಿಯಲ್ಲಿ ಹೇಳುವ ಮಾತೆ?

ಗೌರಿ ಹಬ್ಬಕ್ಕೆ ಊರಿಗೆ ಹೋದೆ. ಬಳೆಗಾರರ ಮನೆಗೆ ಅದು ಸುಗ್ಗಿ. ಫಿರೋಜಾಬಾದಿನ ಬಳೆಗಳ ಪೆಟ್ಟಿಗೆಗಳು ಜಗಲಿ ತುಂಬ ಇದ್ದವು. ಅಪ್ಪ, ನಾನು ಕುಳಿತು ಡಜನು ಡಜನಾಗಿ ದಾರದಲ್ಲಿ ಪೋಣಿಸಿ ಕಟ್ಟುತ್ತಿದ್ದೆವು. ಬೇಸರ ಕಳೆಯಲೆಂದು ಮೊಬೈಲಿನಲ್ಲಿ ಕೋಹೆನ್ನರನ್ನು ಹಾಕಿದೆ. ಅಪ್ಪ ಸ್ವಲ್ಪ ಹೊತ್ತು ಕೇಳಿ, "ಯಾರವ್ವ ಇದು, ಭಾವಿಯೊಳಗಿಂದ ಹಾಡ್ತಾನೆ?" ಎಂದರು. ಯಾರೆಂದು ಹೇಳಿದೆ. ಆ ಹಾಸ್ಯದ ಮಾತು ಬಂದಾಗ ಅದರ ಅರ್ಥವನ್ನೂ ಕನ್ನಡದಲ್ಲಿ ಹೇಳಿದೆ. ಅಪ್ಪ ದಾರ ಬಿಟ್ಟು ನಕ್ಕರು. "ಅರವತ್ತಕ್ಕೆ ಹುಡುಗನಾ? ಹಂಗಾದ್ರೆ ನಾನಿನ್ನೂ ಹುಟ್ಟೇ ಇಲ್ಲ ಬಿಡು!"

"ನಗಬ್ಯಾಡಪ್ಪ. ಇದನ್ನೇ ಎಲ್ಲಾ ಊರಲ್ಲೂ ಹೇಳ್ತಾನೆ," ಎಂದೆ.

ಅಪ್ಪ ಬಳೆ ಎಣಿಸುತ್ತಲೇ, "ಆ ಊರೋರು ಈ ಊರಿಗೆ ಬಂದಿದ್ರಾ?" ಎಂದು ಕೇಳಿದರು.

"ಇಲ್ಲ."

"ಮತ್ತೆ?"

ನನಗೆ ಮಾತು ಹೊರಡಲಿಲ್ಲ. ಬಹಳ ಹೊತ್ತಿನ ಮೇಲೆ ಅವರೇ, "ನಾನು ಎಮ್ಮೆ ಅನ್ನೋದು ಎಮ್ಮೆ ನೋಡ್ಲಿ ಅಂತಲ್ಲ ಕಣವ್ವ. ಕೈ ಮರೀಲಿ ಅಂತ. ಬಳೆ ಬತ್ತೈತೆ ಅಂತ ನೋಡ್ತಾ ಕುಂತ್ರೆ ಕೈ ಕಲ್ಲಾಗ್ತೈತೆ. ಆವತ್ತು ನೀನು ಹೇಳ್ಬಿಟ್ಟೆ, ಆ ಮಗೀಗೆ ಗಾಜು ಕುಯ್ತು" ಎಂದರು. ಹನ್ನೆರಡು ವರ್ಷದ ಹಿಂದಿನ ಮಾತು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ಕೆಲಸದ ಒಂದು ವಿವರವನ್ನು ತಿಳಿಸಿದಂತಿತ್ತು, ಅಷ್ಟೆ. ನಾನು ತಲೆ ತಗ್ಗಿಸಿ ಬಳೆ ಪೋಣಿಸಿದೆ. ಆ ಡಜನಿನಲ್ಲಿ ಹದಿಮೂರು ಬಳೆ ಸೇರಿದ್ದನ್ನು ಅಪ್ಪನೇ ಕಂಡುಹಿಡಿದರು.

ಸ್ವಲ್ಪ ತಡೆದು, ಹಿಂದಿನ ಬೆಂಚಿನವನ ಮಾತನ್ನೂ ಕೇಳಿಬಿಡೋಣವೆಂದು, "ಇವನು ದುಡ್ಡಿಗೋಸ್ಕರ ಹಾಡಿದ್ದಂತಪ್ಪ" ಎಂದೆ. ಅಪ್ಪ ನನ್ನನ್ನೇ ನೋಡಿದರು. "ದುಡ್ಡಿಗಲ್ದೆ ಇನ್ಯಾತಕ್ಕೆ? ದುಡ್ಡಿಗೆ ಅಂತ ಹೊಂಟೋನು ಬಳೆ ಒಡೀಬೇಕು ಅಂತ ಏನಾರ ಐತಾ?"

ಆ ರಾತ್ರಿ ಆಲ್ಬಮ್ಮನ್ನು ಮತ್ತೆ ಮೊದಲಿನಿಂದ ಕೇಳಿದೆ. ಅದೇ ಕಚೇರಿಯ ಚಿತ್ರವನ್ನೂ ನೋಡಿದೆ. ಈ ಸಲ ಹಾಸ್ಯಕ್ಕಿಂತ ಹಾಸ್ಯದ ಹಿಂದು ಮುಂದು ಏನಿದೆ ಎಂದು ಗಮನಿಸಿದೆ. ಹದಿನೈದು ವರ್ಷ ಕಾದಿದ್ದ ಜನ. ಇನ್ನು ಈ ಗಾಯಕರನ್ನು ಕಾಣುವುದಿಲ್ಲವೆಂದೇ ಅವರಲ್ಲಿ ಅನೇಕರು ತಿಳಿದಿದ್ದಿರಬೇಕು. ದೇವಸ್ಥಾನಕ್ಕೆ ಬಂದವರಂತೆ ಮೈ ಬಿಗಿ ಹಿಡಿದು ಕುಳಿತಿರುತ್ತಾರೆ. ಹಾಗೆ ಕುಳಿತವರೊಳಗೆ ಹಾಡು ಇಳಿಯುವುದು ಕಷ್ಟ. ಮುದುಕರು ಎಮ್ಮೆಯನ್ನು ತೋರಿಸುತ್ತಾರೆ. ಸಭೆ ತಿರುಗಿ ನೋಡುತ್ತದೆ, ನಗುತ್ತದೆ, ಕೈ ಸಡಿಲಾಗುತ್ತದೆ. ಆಮೇಲೆ 'ಹಲ್ಲೆಲೂಯಾ' ಬರುತ್ತದೆ, 'ಸುಜಾನ್' ಬರುತ್ತದೆ, ವಾದ್ಯವನ್ನೆಲ್ಲ ಹಿಂದೆ ಸರಿಸಿ ಬರಿಯ ಮಾತಿನಲ್ಲಿ ಒಪ್ಪಿಸುವ 'ಎ ಥೌಸಂಡ್ ಕಿಸಸ್ ಡೀಪ್' ಬರುತ್ತದೆ. ಅಲ್ಲಿ ಆ ೨೦,೦೦೦ದ ಸಭೆ ಉಸಿರು ಹಿಡಿದುಕೊಂಡಿರುವುದು ನನ್ನ ಮೊಬೈಲಿನ ಸಣ್ಣ ಸ್ಪೀಕರಿನಲ್ಲೂ ಕೇಳಿಸಿತು.

ಹಾಗಾದರೆ ಮೋಸವೆಂದು ನನಗೆ ತೋರಿದ್ದೇಕೆ? ಲಂಡನ್ನಿನ ಆ ರಾತ್ರಿಯ ಸಭಿಕರಿಗೆ ಆ ಮಾತು ಆ ರಾತ್ರಿಯದಾಗಿತ್ತು. ನಾನಾದರೋ ಮೊಬೈಲು ಹಿಡಿದು ಊರಿಂದೂರಿಗೆ ಅವರ ಹಿಂದೆಯೇ ಹೋದೆ. ನಾಲ್ಕನೆಯ ಊರಿನಲ್ಲಿ, "ಹಿಂದಿನ ಊರಲ್ಲೂ ಹೀಗೇ ಅಂದ!" ಎಂದು ಕೂಗಿದೆ. ಎಂಟು ವರ್ಷದವಳಾಗಿ ಮಾಡಿದ್ದನ್ನೇ ಇಪ್ಪತ್ತನೆಯ ವರ್ಷದಲ್ಲಿ, ಐಚ್ಛಿಕ ಇಂಗ್ಲಿಷಿನ ಬಲದಿಂದ ಮತ್ತೆ ಮಾಡಿದೆ. ಯೋಚಿಸಿದರೆ ಕಚೇರಿಯ ಧ್ವನಿಮುದ್ರಿಕೆ ಎಂಬ ವಸ್ತುವೇ ಬಳೆಗಾರನ ಜೊತೆ ಮನೆಯಿಂದ ಮನೆಗೆ ಹೋದ ಮಗಳಂತೆ. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ದು ಹೇಳುತ್ತದೆ. ಅದರಿಂದ ಲಾಭವೂ ಉಂಟು, ನಷ್ಟವೂ ಉಂಟು. ಲಂಡನ್ನಿಗೆ ಎಂದೂ ಹೋಗಲಾರದ ನಮ್ಮಂಥವರಿಗೆ ಆ ರಾತ್ರಿ ದೊರಕಿತು, ಇದು ಲಾಭ. ಒಂದು ಸಲಕ್ಕೆಂದು ಆಡಿದ ಮಾತು ನೂರು ಸಲ ಕೇಳಿಸಿ ಹಳಸಿತು, ಇದು ನಷ್ಟ. ಆ ನಷ್ಟವನ್ನು ಗಾಯಕರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಅಭಿಪ್ರಾಯಗಳ ಆಯುಷ್ಯವಾದರೂ ಎಷ್ಟು? 'ಹಲ್ಲೆಲೂಯಾ' ಹಾಡು ಇದ್ದ ೧೯೮೪ರ ಆಲ್ಬಮ್ಮನ್ನು ಅವರ ಕಂಪನಿಯೇ ಅಮೆರಿಕದಲ್ಲಿ ಹೊರತರಲು ಒಪ್ಪಿರಲಿಲ್ಲ. ಅದೂ ಒಂದು ಅಭಿಪ್ರಾಯ. ಲಂಡನ್ನಿನಲ್ಲಿ ಅದೇ ಹಾಡು ಮುಗಿದಾಗ ಎದ್ದ ಚಪ್ಪಾಳೆಯೂ ಒಂದು ಅಭಿಪ್ರಾಯ. ಇನ್ನು ಹಣದ ಮಾತು. ಅವರು ೨೦೦೮ರಿಂದ ೨೦೧೦ರವರೆಗೆ ೨೦೦ಕ್ಕೂ ಹೆಚ್ಚು ಕಚೇರಿಗಳನ್ನು ಮಾಡಿದರು. ೨೦೦೯ರ ಸೆಪ್ಟೆಂಬರ್ ೧೮ರಂದು ಸ್ಪೇನಿನ ವಲೆನ್ಸಿಯದಲ್ಲಿ ಹಾಡುತ್ತಿದ್ದಾಗ ವೇದಿಕೆಯ ಮೇಲೆಯೇ ಕುಸಿದು ಬಿದ್ದರು. ಮೂರು ದಿನದ ಮೇಲೆ, ತಮ್ಮ ೭೫ನೆಯ ಹುಟ್ಟುಹಬ್ಬದಂದು, ಬಾರ್ಸಿಲೋನಾದಲ್ಲಿ ಮತ್ತೆ ನಿಂತು ಹಾಡಿದರು. ಹಣಕ್ಕೆಂದು ಹೊರಟದ್ದು ನಿಜವೇ ಇರಲಿ. ಅವರು ಬಳೆ ಒಡೆಯಲಿಲ್ಲ. ಜೊತೆಯ ವಾದಕರು ನುಡಿಸುವಾಗ ಟೋಪಿ ತೆಗೆದು ಎದೆಗೊತ್ತಿಕೊಂಡು ನಿಲ್ಲುವುದನ್ನೂ, ಒಬ್ಬೊಬ್ಬರ ಹೆಸರನ್ನೂ ಹೇಳಿ ಗೌರವಿಸುವುದನ್ನೂ ಪ್ರತಿ ಊರಿನಲ್ಲೂ ಮಾಡಿದರು. ಅದೂ ಪುನರಾವೃತ್ತಿಯೇ. ಅದನ್ನು ಮೋಸವೆಂದು ನಾನು ತರಗತಿಯಲ್ಲಿ ಹೇಳಲಿಲ್ಲವಲ್ಲ! ಕೋಹೆನ್ನರು ೨೦೧೬ರ ನವೆಂಬರ್ ೭ರಂದು, ೮೨ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟು ಬರೆದ ಮಾತ್ರಕ್ಕೆ ಎಲ್ಲವನ್ನೂ ಒಪ್ಪಿಕೊಂಡೆನೆಂದು ಗೆಳೆಯರು ತಿಳಿಯಬಾರದು. ಸ್ಯಾಕ್ಸೊಫೋನು ಕೆಲವು ಕಡೆ ಈಗಲೂ ನನಗೆ ಅತಿಯಾಗಿಯೇ ಕೇಳಿಸುತ್ತದೆ. ಆ ವಿಷಯದಲ್ಲಿ ಕಲ್ಯಾಣ ಮಂಟಪದ ಮಿತ್ರನ ಪಕ್ಷವೇ ನನ್ನದು. ೧೯೭೩ರ ನಡುಗುವ ಕಂಠವೂ ನನಗೆ ಇಷ್ಟವಾಯಿತು. ಆದರೆ ಅಧ್ಯಾಪಕರು ಅಂದು ಕೇಳಿದ ಪ್ರಶ್ನೆಗೆ ಉತ್ತರವನ್ನು ಬಾಕಿ ಇಟ್ಟಿದ್ದೆ. ಅದನ್ನು ಈ ಸಂಚಿಕೆಯ ಮೂಲಕ ಒಪ್ಪಿಸುತ್ತಿದ್ದೇನೆ. ನನ್ನ ತಂದೆಯವರು ಬಳೆಗಾರರು, ಸಾರ್. ಕೋಪ ಕೋಹೆನ್ನರ ಮೇಲಿನದಾಗಿರಲಿಲ್ಲ.

ಹಬ್ಬದ ಹಿಂದಿನ ರಾತ್ರಿ, ಊರಿನ ಕೈಗಳೆಲ್ಲ ಮುಗಿದ ಮೇಲೆ, ಅಪ್ಪ ಒಂದು ಡಜನು ಹಸಿರು ಬಳೆ ತೆಗೆದಿಟ್ಟು ನನ್ನನ್ನು ಕರೆದರು. ದೀಪದ ಕೆಳಗೆ ಕೈ ಕೊಟ್ಟು ಕುಳಿತೆ. ಬಳೆ ಗೆಣ್ಣಿನ ಹತ್ತಿರ ಬಂತು. ಅಪ್ಪ ತಟ್ಟನೆ ತಲೆಯೆತ್ತಿ ಬಾಗಿಲ ಕಡೆ ನೋಡಿದರು.

"ಅಯ್ಯೋ, ಅಲ್ನೋಡವ್ವ, ಎಮ್ಮೆ!"

ನಮ್ಮ ಮನೆಯಲ್ಲಿ ಎಂದೂ ಎಮ್ಮೆ ಇದ್ದದ್ದಿಲ್ಲ. ಆದರೂ ತಿರುಗಿ ನೋಡಿದೆ.